ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ

ಹೊಲ ಮಾರಿದವರನ್ನೂ ಮನೆ ಮಾರಿದವರನ್ನೂ ನಮ್ಮ ವಾಚಕರು ಕಂಡಿದ್ದಾರೆ. ದೋಣಿಯನ್ನು ಮಾರಿ ಕಣ್ಣೊರಸಿಕೊಂಡವರನ್ನು ಕಂಡವರು ವಿರಳವೆಂದು ತೋರುತ್ತದೆ. ೨೦೧೮ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ನಾವು ಆ ಕೆಲಸವನ್ನು ಮಾಡಿದೆವು. ಇಪ್ಪತ್ತು ವರ್ಷ ನಮ್ಮ ಸಂಸಾರವನ್ನು ಹೊತ್ತು ತಿರುಗಿದ ೩೮ ಅಡಿ ಉದ್ದದ ಮೋಟಾರು ದೋಣಿಯನ್ನು ಬೇರೊಬ್ಬ ಗೃಹಸ್ಥರಿಗೆ ಒಪ್ಪಿಸಿ, ಮುಂದಿನ ವಸಂತದಲ್ಲಿ ೨೩ ಅಡಿಯ ಇನ್ನೊಂದನ್ನು ಕೊಂಡೆವು. ಇದನ್ನು ಕೇಳಿದ ಸ್ನೇಹಿತರಲ್ಲಿ ಕೆಲವರು ನಮಗೆ ನಷ್ಟವುಂಟಾಯಿತೆಂದು ಮರುಕಪಟ್ಟರು. ಕೆಲವರು ವಯಸ್ಸಾಯಿತೆಂದು ಸಮಾಧಾನ ಹೇಳಿದರು. ನಿಜವಾದ ಕಾರಣ ಎರಡೂ ಅಲ್ಲ. ಅದನ್ನು ಹೇಳಬೇಕಾದರೆ ಮೊದಲು ದೋಣಿ ಓಡಾಡುವ ನೀರಿನ ಸಂಗತಿಯನ್ನು ಹೇಳಬೇಕಾಗುತ್ತದೆ.

ಇಂಗ್ಲೆಂಡಿನ ಪೂರ್ವ ತೀರದಲ್ಲಿ ನಾರ್ಫೋಕ್ ಎಂಬ ಸೀಮೆಯುಂಟು. ಉದ್ಯೋಗನಿಮಿತ್ತವಾಗಿ ಮೈಸೂರನ್ನು ಬಿಟ್ಟ ನಾವು ಅಲ್ಲಿನ ಮುಖ್ಯ ಪಟ್ಟಣವಾದ ನಾರ್ವಿಚ್ಚಿನಲ್ಲಿ ನೆಲಸಿ ಮೂವತ್ತು ವರ್ಷಗಳ ಮೇಲಾಯಿತು. ಪಟ್ಟಣಕ್ಕೂ ಸಮುದ್ರಕ್ಕೂ ನಡುವಣ ತಗ್ಗುನೆಲದಲ್ಲಿ ಬ್ಯೂರ್, ಆಂಟ್, ಥರ್ನ್, ಯೇರ್, ವೇವ್ನಿ ಎಂಬ ನದಿಗಳು ಅವಸರವಿಲ್ಲದೆ ಹರಿಯುತ್ತವೆ. ಅವುಗಳ ಮಗ್ಗುಲಲ್ಲಿ ಜೊಂಡು ಬೆಳೆದ ವಿಶಾಲವಾದ ಕೆರೆಗಳಿವೆ. ಈ ಕೆರೆಗಳಿಗೂ ನದಿಗಳಿಗೂ ಸೇರಿ 'ಬ್ರಾಡ್ಸ್' ಎಂದು ಹೆಸರು. ಕೆರೆಗಳು ಸೃಷ್ಟಿಯಿಂದಲೇ ಬಂದವೆಂದು ಎಲ್ಲರೂ ಬಹುಕಾಲ ನಂಬಿದ್ದರು. ೧೯೫೦ರಿಂದೀಚೆಗೆ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆ ಕೆರೆಯ ತಳವನ್ನು ಸಾಲಾಗಿ ಕೊರೆದು ನೋಡಿ, ಅದರ ಅಂಚುಗಳು ಗೋಡೆಯಂತೆ ನೆಟ್ಟಗೆ ಇಳಿದಿರುವುದನ್ನು ಕಂಡುಹಿಡಿದರು. ಸ್ವಭಾವದಿಂದ ಆದ ಕೆರೆಗೆ ಅಂತಹ ಅಂಚಿರದು. ಮಧ್ಯಯುಗದ ಜನರು ಉರುವಲಿಗಾಗಿ ಪೀಟ್ ಎಂಬ ಕಪ್ಪು ಜೌಗುಮಣ್ಣನ್ನು ಅಗೆದಗೆದು ಮಾಡಿದ ಗುಂಡಿಗಳು, ಸಮುದ್ರದ ಮಟ್ಟ ಏರಿದಾಗ ನೀರು ತುಂಬಿ ಕೆರೆಗಳಾದುವೆಂದು ಹೀಗೆ ಸಿದ್ಧವಾಯಿತು. ಒಲೆಗೆ ಸೌದೆಯಿಲ್ಲದ ಬಡವರು ತೋಡಿದ ಹಳ್ಳದಲ್ಲಿ ಇಂದು ಉಳ್ಳವರು ವಿಹಾರ ಮಾಡುತ್ತಿರುವರು. ನಾವೂ ಆ ಗುಂಪಿಗೆ ಸೇರಿದವರೇ.

ಈ ನೀರಿನಲ್ಲಿ ಸುಮಾರು ೧೨೫ ಮೈಲಿಗಳಷ್ಟು ದೂರ ದೋಣಿ ನಡೆಸಬಹುದು. ಕಾಲುವೆಗಳಲ್ಲಿರುವಂತೆ ಮೆಟ್ಟಿಲುಮೆಟ್ಟಿಲಾಗಿ ತೂಬಿನ ಬಾಗಿಲುಗಳನ್ನು ದಾಟುವ ತೊಂದರೆಯಿಲ್ಲ. ವೇಗಕ್ಕೆ ಗಂಟೆಗೆ ಮೂರರಿಂದ ಆರು ಮೈಲಿಯ ಮಿತಿಯಿದೆ. ಆತುರಗಾರರಿಗೆ ಇಲ್ಲಿ ಕೆಲಸವಿಲ್ಲ. ಬಾಡಿಗೆಗೆ ದೋಣಿ ಕೊಡುವ ಕಸಬು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಇಲ್ಲಿ ಹುಟ್ಟಿತು. ಮಧ್ಯಮ ತರಗತಿಯ ಸಂಸಾರಗಳು ಒಂದು ವಾರದ ಮಟ್ಟಿಗೆ ದೋಣಿ ಹಿಡಿಯುತ್ತವೆ. ಒಂದು ಸಲ ಹಿಡಿದವರು ಎರಡನೆಯ ಸಲ ಬರುತ್ತಾರೆ. ಮೂರನೆಯ ಸಲದ ಹೊತ್ತಿಗೆ ಸ್ವಂತ ದೋಣಿಯ ಬೆಲೆಯನ್ನು ವಿಚಾರಿಸತೊಡಗುತ್ತಾರೆ. ನಮಗಾದದ್ದೂ ಹಾಗೆಯೇ.

೧೯೯೮ರಲ್ಲಿ ಆ ದೊಡ್ಡ ದೋಣಿಯನ್ನು ಕೊಂಡಾಗ ಮಗಳಿಗೆ ಒಂಬತ್ತು, ಮಗನಿಗೆ ಆರು. ಎರಡು ಡೀಸಲ್ ಯಂತ್ರಗಳು. ಆರು ಮಂದಿ ಮಲಗಲು ಸ್ಥಳ. ನಾಲ್ಕು ಉರಿಯ ಗ್ಯಾಸ್ ಒಲೆ, ಅದರ ಕೆಳಗೆ ರೊಟ್ಟಿ ಬೇಯಿಸುವ ಪೆಟ್ಟಿಗೆ. ನೂರು ಗ್ಯಾಲನ್ ನೀರಿನ ತೊಟ್ಟಿ. ಸ್ನಾನದ ಮನೆಗಳು ಎರಡು. ಅಗಲ ೧೨ ಅಡಿ, ತೂಕ ಸುಮಾರು ಒಂಬತ್ತು ಟನ್. ೨೦೦೧ರ ಬೇಸಿಗೆಯಲ್ಲಿ ಊರಿನಿಂದ ನಮ್ಮ ತಾಯಿಯವರು ಬಂದಿದ್ದರು. ಹಲಗೆಯ ಮೇಲೆ ಹಿಂದುಮುಂದು ನೋಡುತ್ತ ಕಾಲಿಟ್ಟ ಅವರು ಎಲ್ಲ ಕೋಣೆಗಳನ್ನೂ ಸುತ್ತಿ ಬಂದು, "ಇದೇನಪ್ಪ, ದೋಣಿಯೋ, ತೇಲುವ ಛತ್ರವೋ?" ಎಂದು ಕೇಳಿದರು. ಎರಡೇ ದಿನದಲ್ಲಿ ಮುಂಗಡೆಯ ಜಗಲಿ ಅವರದಾಯಿತು. ಹುರುಳಿಕಾಯಿ ಸೋಸುತ್ತ, ದಡದಲ್ಲಿ ಹೋಗುವ ಹಸುಗಳ ಲೆಕ್ಕ ಹಾಕುತ್ತ ಹೊತ್ತು ಕಳೆಯುತ್ತಿದ್ದರು. ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ಬಟ್ಟೆಯ ಬೀರುವಿನ ಬಾಗಿಲ ಒಳಮೈಗೆ ಮಕ್ಕಳನ್ನು ನಿಲ್ಲಿಸಿ, ಸೀಸದ ಕಡ್ಡಿಯಿಂದ ಎತ್ತರ ಗುರುತು ಮಾಡುವುದು ನಮ್ಮ ಪದ್ಧತಿಯಾಗಿತ್ತು. ಈ ಬಾಗಿಲ ವಿಷಯ ಮುಂದೆ ಮತ್ತೆ ಬರುತ್ತದೆ.

ಮಕ್ಕಳು ಬೆಳೆದರು. ಮಗಳು ಸ್ಕಾಟ್ಲೆಂಡಿಗೆ ಹೋದಳು. ಮಗ, ನಾವು ಬಿಟ್ಟುಬಂದ ದಾರಿಯನ್ನೇ ಹಿಂದಕ್ಕೆ ಹಿಡಿದು, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ತಾಯಿಯವರು ತೀರಿಕೊಂಡರು. ದೋಣಿ ಮಾತ್ರ ಮೊದಲಿದ್ದಷ್ಟೇ ಉದ್ದವಾಗಿತ್ತು.

ಯಾವ ದಿನ ಎಲ್ಲಿಗೆ ಹೋದೆವು, ಎಷ್ಟು ಎಣ್ಣೆ ಸುಟ್ಟೆವು, ಯಾರು ಜೊತೆಗಿದ್ದರು ಎಂಬುದನ್ನು ಬರೆದಿಡಲು ಪ್ರತಿ ದೋಣಿಯಲ್ಲಿಯೂ ಒಂದು ಪುಸ್ತಕವಿರುತ್ತದೆ. ೨೦೧೬ರ ಚಳಿಗಾಲದಲ್ಲಿ ನಮ್ಮಾಕೆ ಆ ಪುಸ್ತಕವನ್ನು ಹಿಡಿದು ಕೂತು ಲೆಕ್ಕ ತೆಗೆದಳು. ಆ ವರ್ಷ ದೋಣಿಯಲ್ಲಿ ಮಲಗಿದ ರಾತ್ರಿಗಳು ಹನ್ನೊಂದು. ಅಷ್ಟು ರಾತ್ರಿಯೂ ಮಲಗಿದವರು ಇಬ್ಬರೇ. ದೋಣಿಯನ್ನು ತೊಳೆಯುವುದು, ಉಜ್ಜುವುದು, ಬಣ್ಣ ಬಳಿಯುವುದು, ಯಂತ್ರಗಳ ಎಣ್ಣೆ ಬದಲಾಯಿಸುವುದು, ಹೆಪ್ಪುಗಟ್ಟುವ ಚಳಿಗೆ ಕೊಳವೆಗಳು ಒಡೆಯದಂತೆ ನೀರು ತೆಗೆಯುವುದು, ಇವುಗಳಿಗೆ ಹೋದ ದಿನಗಳು ಇಪ್ಪತ್ತಮೂರು. ಹನ್ನೊಂದು ರಾತ್ರಿ ಮಲಗುವುದಕ್ಕೆ ಇಪ್ಪತ್ತಮೂರು ದಿನ ಹಾಸಿಗೆ ಹಾಸಿದ ಹಾಗಾಯಿತು. ಖಾಲಿ ಬಿದ್ದಿದ್ದ ನಾಲ್ಕು ಮಂಚಗಳ ಮೇಲೆ ಹಳೆಯ ದಿಂಬು, ಮಕ್ಕಳ ಆಟದ ಪೆಟ್ಟಿಗೆ, ಎಂದೋ ಕೆಟ್ಟ ಪಂಪುಗಳು ಸುಖವಾಗಿ ಪ್ರಯಾಣ ಮಾಡುತ್ತಿದ್ದವು.

ಆಗಲೇ ಬುದ್ಧಿ ಬರಬೇಕಾಗಿತ್ತು. ಬರಲಿಲ್ಲ. ನಾವು ಪುಸ್ತಕವನ್ನು ಮುಚ್ಚಿಟ್ಟು, "ಮುಂದಿನ ವರ್ಷ ಮಕ್ಕಳು ಬಂದಾಗ" ಎಂದೆವು.

ಮುಂದಿನ ವರ್ಷ ಬಂದದ್ದು ಮಕ್ಕಳಲ್ಲ, ಅಪಘಾತ. ಅದು ನಮ್ಮ ತಪ್ಪಿನಿಂದಲೇ ಆದದ್ದು. ಆದುದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತೇವೆ. ಉತ್ತರದ ನದಿಗಳಿಂದ ದಕ್ಷಿಣದ ನದಿಗಳಿಗೆ ಹೋಗಬೇಕಾದರೆ ಸಮುದ್ರದಂಚಿನ ಗ್ರೇಟ್ ಯಾರ್‌ಮತ್ ಊರಿನ ಬಳಿ ಹಾದುಹೋಗಬೇಕು. ಅಲ್ಲಿ ಭರತ ಇಳಿತಗಳ ಸೆಳವು ಬಲು ಜೋರು. ಇಳಿತ ಮುಗಿದು ನೀರು ಸ್ವಲ್ಪ ಹೊತ್ತು ಸುಮ್ಮನಿರುವ ಸಮಯವನ್ನು ನೋಡಿಕೊಂಡು ಹಾದು, ಆಮೇಲೆ ಏರುತ್ತಿರುವ ಭರತದ ಜೊತೆಯಲ್ಲೇ ಯೇರ್ ನದಿಯಲ್ಲಿ ಮೇಲಕ್ಕೆ ಹೋಗುವುದು ವಾಡಿಕೆ. ೨೦೧೭ರ ಸೆಪ್ಟೆಂಬರಿನಲ್ಲಿ ನಾವು ಹೀಗೆಯೇ ಹೋಗಿ, ರೀಡಮ್ ಎಂಬ ಹಳ್ಳಿಯ ಕಟ್ಟೆಗೆ ದೋಣಿ ಕಟ್ಟಲು ಹೊರಟೆವು. ದೋಣಿಗೆ ತಡೆಗಾಲಿಲ್ಲ. ಸೆಳವಿಗೆ ಮುಖಮಾಡಿ ನಿಂತರೆ ಸೆಳವೇ ತಡೆಯಾಗುತ್ತದೆ. ಸೆಳವು ಬೆನ್ನಿಗಿದ್ದರೆ ಯಂತ್ರವನ್ನು ನಿಲ್ಲಿಸಿದರೂ ದೋಣಿ ನಿಲ್ಲುವುದಿಲ್ಲ. ಆದಕಾರಣ ಕಟ್ಟೆಯ ಎದುರಿಗೆ ಬಂದು ದೋಣಿಯನ್ನು ಹಿಂದುಮುಂದಾಗಿ ತಿರುಗಿಸಿಕೊಂಡು, ಬಂದ ದಿಕ್ಕಿಗೇ ಮೂತಿ ಮಾಡಿ ಕಟ್ಟಬೇಕು. ಇದು ಮೊದಲ ದಿನವೇ ಕಲಿಯುವ ಪಾಠ. ಆದರೆ ೩೮ ಅಡಿಯ ದೋಣಿಯನ್ನು ಆ ಹರಿವಿನಲ್ಲಿ ಅಡ್ಡಲಾಗಿ ತಿರುಗಿಸುವುದು, ಹತ್ತಿರದಲ್ಲೇ ರೈಲಿನ ತಿರುಗುಸೇತುವೆ, ಸಂಜೆಯ ಆಯಾಸ, ಕಟ್ಟೆಯ ಮೇಲೆ ನೋಡುತ್ತ ಕುಳಿತ ಹತ್ತಾರು ಜನ: ಇವೆಲ್ಲ ಸೇರಿ ನಮಗೆ ಸೋಮಾರಿತನ ಬಂದಿತು. ನೇರವಾಗಿಯೇ ಕಟ್ಟೆಗೆ ತಗುಲಿಸಿದೆವು.

ನಮ್ಮಾಕೆ ಹಗ್ಗ ಹಿಡಿದು ಕಟ್ಟೆಗೆ ಹಾರಿ ಗೂಟಕ್ಕೆ ಒಂದು ಸುತ್ತು ಹಾಕಿದಳು. ಒಂಬತ್ತು ಟನ್ ತೂಕ ಮುಂದಕ್ಕೆ ಹೋಗುತ್ತಲೇ ಇತ್ತು. ಹಗ್ಗ ಬಿಗಿಯಿತು, ಕೈಬಿಡಲು ಅವಳಿಗೆ ಅರೆನಿಮಿಷ ತಡವಾಯಿತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಬೆರಳುಗಳು ಹಗ್ಗಕ್ಕೂ ಗೂಟಕ್ಕೂ ನಡುವೆ ಸಿಕ್ಕಿದ್ದರೆ ಉಳಿಯುತ್ತಿರಲಿಲ್ಲವೆಂದು ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ ಮಾತು ನಮಗೆ ಈಗಲೂ ಕೆಲವು ರಾತ್ರಿ ಕೇಳಿಸುತ್ತದೆ.

ಇಲ್ಲಿ ಗಣಿತದ ಒಂದು ಸಂಗತಿಯನ್ನು ಹೇಳಬೇಕು. ಚಿಕ್ಕ ದೋಣಿಗೂ ದೊಡ್ಡ ದೋಣಿಗೂ ಹದಿನೈದು ಅಡಿಯ ಅಂತರವೆಂದರೆ ಅಷ್ಟೇನೂ ಅಲ್ಲವೆಂದು ತೋರುತ್ತದೆ. ದೋಣಿ ಉದ್ದವಾದರೆ ಅದರೊಡನೆ ಅಗಲವೂ ಎತ್ತರವೂ ಬೆಳೆಯುವುದನ್ನು ನಾವು ಮರೆಯುತ್ತೇವೆ. ಉದ್ದ ಎರಡರಷ್ಟಾದರೆ ತೂಕ ಎರಡರಷ್ಟಲ್ಲ, ಸರಿಸುಮಾರು ಎಂಟರಷ್ಟು. ನಮ್ಮ ೩೮ ಅಡಿಯ ದೋಣಿ ಒಂಬತ್ತು ಟನ್ ತೂಗುತ್ತಿದ್ದಿತು. ಈಗಿನ ೨೩ ಅಡಿಯದು ಎರಡು ಟನ್ನಿಗೆ ಸ್ವಲ್ಪ ಮೇಲೆ. ಒಬ್ಬ ಮನುಷ್ಯ ದಡದ ಮೇಲೆ ಕಾಲೂರಿ ನಿಂತು ನಿಧಾನವಾಗಿ ಎಳೆದರೆ ಎರಡು ಟನ್ನಿನ ದೋಣಿ ಮಾತು ಕೇಳುತ್ತದೆ. ಒಂಬತ್ತು ಟನ್ನಿನದು, ಮೂವತ್ತು ವಯಸ್ಸಿನ ಮೈಕಟ್ಟು ಇದ್ದಾಗ ಕೇಳಿದಂತೆ ನಟಿಸುತ್ತದೆ. ಅರವತ್ತರಲ್ಲಿ ಆ ನಟನೆಯನ್ನೂ ಬಿಡುತ್ತದೆ.

ಕೈಗೆ ಕಟ್ಟು ಹಾಕಿಕೊಂಡು ಕುಳಿತಿದ್ದ ಆ ಚಳಿಗಾಲದಲ್ಲಿ ನಮ್ಮಾಕೆ ಒಂದು ದಿನ ಕೇಳಿದಳು: "ಆ ದೋಣಿಯನ್ನು ಯಾರಿಗೋಸ್ಕರ ಇಟ್ಟುಕೊಂಡಿದ್ದೀರಿ?"

"ಮಕ್ಕಳಿಗೆ" ಎಂದೆವು.

"ಮಕ್ಕಳು ಬರುವುದಿಲ್ಲ. ಬಂದರೂ ನಮ್ಮನ್ನು ನೋಡುವುದಕ್ಕೆ ಬರುತ್ತಾರೆ, ಮಂಚ ಎಣಿಸುವುದಕ್ಕಲ್ಲ. ಈಗ ದೋಣಿಯಲ್ಲಿರುವವರು ನೀವು, ನಾನು. ನನಗೆ ಅದರ ಹಗ್ಗ ಹಿಡಿಯುವುದಕ್ಕೆ ಭಯ."

ಮೂವತ್ತೈದು ವರ್ಷಗಳ ದಾಂಪತ್ಯದಲ್ಲಿ ಅವಳು ಭಯವೆಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾವು ಉತ್ತರ ಕೊಡಲಿಲ್ಲ. ಮಕ್ಕಳ ನೆಪದ ಹಿಂದೆ ಇನ್ನೊಂದು ಕಾರಣವೂ ಇದ್ದಿತು. ದೊಡ್ಡ ದೋಣಿ ಬಂದರೆ ಕಟ್ಟೆಯ ಮೇಲಿದ್ದವರು ತಿರುಗಿ ನೋಡುತ್ತಾರೆ. ಈ ದೇಶದಲ್ಲಿ ಪರಕೀಯರಾಗಿ ಬಂದು ಇಳಿದವರಿಗೆ ಆ ನೋಟ ರುಚಿಸುತ್ತದೆ. ಇದನ್ನು ಆಗ ಅವಳಿಗೆ ಹೇಳಲಿಲ್ಲ. ಅವಳಿಗೆ ಮೊದಲೇ ಗೊತ್ತಿದ್ದಿತೆಂದು ಆಮೇಲೆ ತಿಳಿಯಿತು.

ಆ ಚಳಿಗಾಲದಲ್ಲಿ ನಮಗೆ ಸಂಗಾತಿಯಾಗಿ ಒದಗಿದವರು ಆರ್ಥರ್ ರ‍್ಯಾನ್ಸಮ್ ಎಂಬ ಗ್ರಂಥಕರ್ತರು. ೧೮೮೪ರಲ್ಲಿ ಹುಟ್ಟಿ ೧೯೬೭ರಲ್ಲಿ ತೀರಿಕೊಂಡ ಇವರು ಮಕ್ಕಳಿಗಾಗಿ ದೋಣಿಗಳ ಕತೆಗಳನ್ನು ಬರೆದು ಹೆಸರಾದವರು. ಅವುಗಳಲ್ಲಿ ಒಂದೆರಡು ಕತೆಗಳು ನಮ್ಮ ಈ ಬ್ರಾಡ್ಸಿನಲ್ಲೇ ನಡೆಯುತ್ತವೆ. ಅವರ ದೋಣಿಗಳು ಯಂತ್ರದವಲ್ಲ, ಹಾಯಿಯವು. ಆದರೆ ಹಿರಿದರಿಂದ ಕಿರಿದಕ್ಕೆ ಇಳಿಯುವ ಸಂಕಟಕ್ಕೆ ಹಾಯಿ ಯಂತ್ರ ಎಂಬ ಭೇದವಿಲ್ಲ. ೧೯೩೫ರಲ್ಲಿ ಅವರು ೨೮ ಅಡಿಯ ಒಂದು ಹಾಯಿದೋಣಿಯನ್ನು ಕೊಂಡು, ತಮ್ಮ ಕತೆಯ ಹುಡುಗಿಯೊಬ್ಬಳ ಹೆಸರಾದ 'ನ್ಯಾನ್ಸಿ ಬ್ಲ್ಯಾಕೆಟ್' ಎಂಬುದನ್ನೇ ಅದಕ್ಕಿಟ್ಟರು. ದೋಣಿ ಅವರಿಗೆ ಪ್ರಾಣವಾಗಿತ್ತು. ಅದರ ಅಡಿಗೆಯ ಮೂಲೆ ಮಾತ್ರ ಅವರ ಪತ್ನಿಗೆ ಸಾಲದಾಯಿತು. ಅದಕ್ಕಾಗಿ ೧೯೩೮ರಲ್ಲಿ ಇದಕ್ಕಿಂತ ದೊಡ್ಡದಾದ 'ಸೆಲೀನಾ ಕಿಂಗ್' ಎಂಬುದನ್ನು ಸಫೋಕ್ ಸೀಮೆಯ ಪಿನ್ ಮಿಲ್ ಎಂಬಲ್ಲಿ ಕಟ್ಟಿಸಿದರು. ಮರುವರ್ಷವೇ ಯುದ್ಧ ಬಂದು ದೋಣಿ ಮೂಲೆಗೆ ಸೇರಿತು. ಯುದ್ಧ ಮುಗಿಯುವ ಹೊತ್ತಿಗೆ ಅವರ ದೇಹ ಬಳಲಿತ್ತು. ಅಷ್ಟು ಭಾರದ ದೋಣಿ ಕೂಡದೆಂದು ವೈದ್ಯರು ಹೇಳಿದರು. ದೊಡ್ಡದನ್ನು ಮಾರಿ, ಮುದಿತನಕ್ಕೆಂದೇ ಮತ್ತೆ ೨೮ ಅಡಿಯ 'ಪೀಟರ್ ಡಕ್' ಎಂಬುದನ್ನು ಕಟ್ಟಿಸಿದರು. ಅದು ಅವರಿಗೆ ಹಿಡಿಸಲಿಲ್ಲ. ಅದನ್ನೂ ಬಿಟ್ಟು ೧೯೫೨ರಲ್ಲಿ ಇನ್ನೊಂದನ್ನು ಕಟ್ಟಿಸಿದರು. ಹನ್ನೆರಡು ವರ್ಷಗಳಲ್ಲಿ ದೊಡ್ಡದಕ್ಕೆ ಹತ್ತಿ ಇಳಿದ ಆ ಹಿರಿಯರು, ಮೊದಲು ಕೊಟ್ಟುಬಿಟ್ಟ ನ್ಯಾನ್ಸಿಯನ್ನು ಮಾರಬಾರದಾಗಿತ್ತೆಂದು ಹಲುಬಿದರಂತೆ. ಇಳಿಯುವುದಾದರೆ ವೈದ್ಯರು ಅಪ್ಪಣೆ ಮಾಡುವವರೆಗೆ ಕಾಯಬಾರದು, ಇನ್ನೂ ಕೈಕಾಲು ನೆಟ್ಟಗಿರುವಾಗ ಇಳಿಯಬೇಕು ಎಂದು ನಾವು ಅದರಿಂದ ತೆಗೆದುಕೊಂಡೆವು. ಅವರ ಪತ್ನಿಯ ಪಕ್ಷದಲ್ಲಿ ನ್ಯಾಯವಿತ್ತೆಂದು ನಮ್ಮಾಕೆ ತೆಗೆದುಕೊಂಡಳು.

ಮಾರುವ ಕೆಲಸ ಹೆಣ್ಣು ತೋರಿಸುವುದಕ್ಕಿಂತ ಕಷ್ಟವಾಯಿತು. ಕೊಳ್ಳುವವರು ಪರೀಕ್ಷಕನೊಬ್ಬನನ್ನು ಕರೆತರುತ್ತಾರೆ. ದೋಣಿಯನ್ನು ಯಂತ್ರದಿಂದ ಮೇಲೆತ್ತಿ ನೆಲದ ಮೇಲೆ ನಿಲ್ಲಿಸಿ, ಆತ ಸಣ್ಣ ಸುತ್ತಿಗೆಯಿಂದ ತಳವನ್ನು ಗೇಣುಗೇಣಿಗೂ ತಟ್ಟಿ ಕಿವಿಗೊಡುತ್ತಾನೆ; ನಮ್ಮಲ್ಲಿ ತೆಂಗಿನಕಾಯಿಯನ್ನು ತಟ್ಟುವ ಹಾಗೆ. ಫೈಬರ್ ಗ್ಲಾಸಿನ ತಳ ವರ್ಷಗಟ್ಟಲೆ ನೀರಿನಲ್ಲಿದ್ದರೆ ತೇವ ನಿಧಾನವಾಗಿ ಒಳಸೇರಿ, ಮೇಲ್ಮೈಯಲ್ಲಿ ಸಿಡುಬಿನಂತಹ ಗುಳ್ಳೆಗಳೇಳುತ್ತವೆ. ನಮ್ಮದರಲ್ಲಿ ಅಂತಹವು ಹದಿನಾಲ್ಕು ಕಂಡವು. ಒಂದೊಂದು ಗುಳ್ಳೆಗೂ ಬೆಲೆ ಇಳಿಯಿತು. ಕೊನೆಗೆ ನಾವು ಎಣಿಸಿದ್ದಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆಗೆ ಒಪ್ಪಿದೆವು. ಈಗ ಮಾರಲು ಯೋಚಿಸುವವರಿಗೆ ನಾವು ಹೇಳುವುದು ಇಷ್ಟು: ಪರೀಕ್ಷಕನನ್ನು ಮೊದಲು ನೀವೇ ಕರೆಸಿರಿ. ದೋಷವನ್ನು ಮಾರುವವನು ತಾನೇ ಹೇಳಿದರೆ ಅದಕ್ಕೆ ಒಂದು ಬೆಲೆ, ಕೊಳ್ಳುವವನು ಕಂಡುಹಿಡಿದರೆ ಅದಕ್ಕೆ ಎರಡು ಬೆಲೆ.

ವಿಷಯ ತಿಳಿದ ಮಗಳು ಟೆಲಿಫೋನಿನಲ್ಲಿ ಅತ್ತಳು. "ನನ್ನನ್ನು ಕೇಳಬೇಕಾಗಿತ್ತು, ಅಪ್ಪ" ಎಂದಳು. ಎಂಟು ವರ್ಷದಿಂದ ಆ ದೋಣಿಗೆ ಕಾಲಿಡದವಳನ್ನು ಏಕೆ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆವು. "ಹಾಗಾದರೆ ಆ ಬೀರುವಿನ ಬಾಗಿಲನ್ನಾದರೂ ತೆಗೆದಿಡಿ" ಎಂದಳು. ಕೊಳ್ಳುವವರನ್ನು ಕೇಳಿದೆವು, ಅವರು ನಗುತ್ತ ಒಪ್ಪಿದರು. ಬಡಗಿ ಹೊಸ ಬಾಗಿಲು ಮಾಡಿದ. ಹಳೆಯದು ಮನೆಗೆ ಬಂದಿತು. ಚಿಕ್ಕ ದೋಣಿಯ ಯಾವ ಮೂಲೆಗೂ ಅದು ಹಿಡಿಯುವುದಿಲ್ಲ. ಮೋಟಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಹಿಂದೆ, ಗೋಡೆಗೊರಗಿ ನಿಂತಿದೆ.

ಚಿಕ್ಕದನ್ನು ಆರಿಸುವುದರಲ್ಲಿ ನಾವು ಮೊದಲು ಇನ್ನೊಂದು ಅತಿಗೆ ಹೋದೆವು. ವೈರಾಗ್ಯ ಹುಟ್ಟಿದವನು ಮನೆಯನ್ನು ಬಿಟ್ಟು ಮರದ ಕೆಳಗೇ ಮಲಗಬೇಕೆನ್ನುವಂತೆ, ೧೮ ಅಡಿಯ ತೆರೆದ ದೋಣಿಯೊಂದನ್ನು ನೋಡಿ ಮುಂಗಡ ಕೊಡಲು ಹೊರಟಿದ್ದೆವು. ನಮ್ಮಾಕೆ, "ಒಂದು ಹಗಲು ಇದರಲ್ಲಿ ಇದ್ದು ನೋಡೋಣ" ಎಂದು ತಡೆದಳು. ಕೊಡುವವರು ಸಜ್ಜನರು, ಒಪ್ಪಿದರು. ಬಾಗಿ ಒಳನುಸುಳಿದವರು ಬಾಗಿಯೇ ಇರಬೇಕು. ಅನ್ನಕ್ಕಿಟ್ಟರೆ ಸಾರಿಗೆ ಒಲೆಯಿಲ್ಲ. ಮಳೆ ಬಂದಾಗ ಇಬ್ಬರೂ ಒಂದೇ ಕೊಡೆ. ಮಧ್ಯಾಹ್ನದ ಹೊತ್ತಿಗೆ ಸೊಂಟ ತೀರ್ಪು ಕೊಟ್ಟಿತು. ಕೊಳ್ಳುವ ಮುಂಚೆ ದೋಣಿಯಲ್ಲಿ ಒಂದು ಊಟ ಬೇಯಿಸಿರಿ, ಒಂದು ಗಂಟೆ ಮಲಗಿರಿ, ಶೌಚದ ಮೂಲೆಯಲ್ಲಿ ಕೂತೆದ್ದು ನೋಡಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬರು ಕಾಯಿಲೆ ಮಲಗಿದರೆ ಇನ್ನೊಬ್ಬರು ಒಂಟಿಯಾಗಿ ಅದನ್ನು ದಡಕ್ಕೆ ತಂದು ಕಟ್ಟಬಲ್ಲರೋ ಎಂದು ಪರೀಕ್ಷಿಸಿರಿ. ಈ ಕೊನೆಯ ಪರೀಕ್ಷೆಯನ್ನು ನಡೆಸಬೇಕಾದವರು ಇಬ್ಬರಲ್ಲಿ ಬಲಹೀನರಾದವರು.

ನಮ್ಮ ಈಗಿನ ದೋಣಿಯನ್ನು ಪರೀಕ್ಷಿಸಿದವಳು ಅವಳೇ. ಮಣಿಕಟ್ಟು ಕೂಡಿಕೊಂಡಿತ್ತು, ಹಿಡಿತ ಪೂರ್ತಿ ಬಂದಿರಲಿಲ್ಲ. ಚುಕ್ಕಾಣಿ ಹಿಡಿದು ಹೊಳೆಯ ನಡುವೆ ತಿರುಗಿಸಿ, ಸೆಳವಿಗೆ ಮುಖ ಮಾಡಿ, ದಡದ ಹತ್ತಿರ ನಿಲ್ಲಿಸಿ, ತಾನೇ ಇಳಿದು, ತಾನೇ ಕಟ್ಟಿದಳು. ಮೂರು ಸಲ ಹಾಗೆ ಮಾಡಿ, "ಇದು ಆಗಬಹುದು" ಎಂದಳು. ಅಂದಿನಿಂದ ಚುಕ್ಕಾಣಿ ಅವಳದು, ಹಗ್ಗ ನಮ್ಮದು. ಇಪ್ಪತ್ತು ವರ್ಷ ಗಂಡಸಿಗೆ ಚಕ್ರ, ಹೆಂಗಸಿಗೆ ಹಗ್ಗವೆಂದು ನಡೆಸಿಕೊಂಡು ಬಂದದ್ದು ಯಾವ ಶಾಸ್ತ್ರದ ಮೇಲೆ ಎಂದು ಈಗ ಯೋಚಿಸಿದರೆ ಉತ್ತರ ಹೊಳೆಯುವುದಿಲ್ಲ. ಬ್ರಾಡ್ಸಿನ ಕಟ್ಟೆಗಳಲ್ಲಿ ನಿಂತು ನೋಡಿದರೆ ಹಾರುವವರು ಬಹುಮಟ್ಟಿಗೆ ಹೆಂಗಸರೇ.

ಖರ್ಚಿನ ಮಾತು ಬೇಗ ಮುಗಿಸಬಹುದು. ಇಲ್ಲಿ ದೋಣಿಯ ವಾರ್ಷಿಕ ಸುಂಕವನ್ನು ಉದ್ದವನ್ನು ಅಗಲದಿಂದ ಗುಣಿಸಿ ಕಟ್ಟುತ್ತಾರೆ. ಹಳೆಯದು ೪೫೬ ಚದರಡಿ, ಹೊಸದು ೧೮೪. ತಂಗುದಾಣದ ಬಾಡಿಗೆ ಉದ್ದದ ಮೇಲೆ. ಯಂತ್ರ ಎರಡಿದ್ದದ್ದು ಒಂದಾಯಿತು. ಎಣ್ಣೆ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ನಾಲ್ಕು ವರ್ಷಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಸುರಕ್ಷತೆಯ ಪ್ರಮಾಣಪತ್ರ ಮಾತ್ರ ಚಿಕ್ಕದಕ್ಕೂ ತಪ್ಪಲಿಲ್ಲ. ಒಟ್ಟಿನಲ್ಲಿ ವರ್ಷದ ವೆಚ್ಚ ಅರ್ಧಕ್ಕಿಂತ ಕಡಿಮೆಯಾಯಿತು.

ನಾವು ಎಣಿಸದೆ ಇದ್ದ ಲಾಭ ಇನ್ನೊಂದು ಬಂದಿತು. ಥರ್ನ್ ನದಿಗೆ ಪಾಟರ್ ಹೀಗಮ್ ಎಂಬಲ್ಲಿ ಮಧ್ಯಯುಗದ ಕಲ್ಲುಸೇತುವೆಯೊಂದಿದೆ. ನಡುಗಮಾನು ಅರ್ಧಚಂದ್ರಾಕಾರ, ನೀರಿನಿಂದ ಅದರ ನೆತ್ತಿಗೆ ಸಾಮಾನ್ಯವಾಗಿ ಆರೂವರೆ ಅಡಿಯ ಆಸುಪಾಸು. ಕಮಾನು ದುಂಡಗಿರುವುದರಿಂದ ಮಾಡು ಎತ್ತರವಾದ ದೋಣಿಯೂ ಅಗಲವಾದ ದೋಣಿಯೂ ಎರಡೂ ಅಲ್ಲಿ ಸಿಕ್ಕಿಬೀಳುತ್ತವೆ. ಬಾಡಿಗೆ ದೋಣಿಗಳನ್ನು ಅಲ್ಲಿನ ಮಾರ್ಗದರ್ಶಿಯಲ್ಲದೆ ಬೇರಾರೂ ದಾಟಿಸಕೂಡದೆಂದು ಆಗ ನಿಯಮವಿತ್ತು. ಎಂಟೂವರೆ ಅಡಿ ಎತ್ತರದ ನಮ್ಮ ತೇಲುವ ಛತ್ರ ಇಪ್ಪತ್ತು ವರ್ಷದಲ್ಲಿ ಹತ್ತಾರು ಸಲ ಆ ಸೇತುವೆಯವರೆಗೆ ಹೋಗಿ, ಮೂಗು ತೋರಿಸಿ, ಹಿಂದಿರುಗಿತ್ತು. ಆಚೆಗೆ ಏನಿದೆಯೆಂದು ಮಕ್ಕಳು ಕೇಳಿದಾಗಲೆಲ್ಲ ನಕ್ಷೆಯನ್ನು ತೋರಿಸುತ್ತಿದ್ದೆವು.

೨೦೧೯ರ ಜೂನ್ ಮೊದಲ ವಾರದಲ್ಲಿ, ನೀರು ತಗ್ಗಿದ ಒಂದು ಬೆಳಿಗ್ಗೆ, ದಡದ ಅಳತೆಗೋಲು ಆರಡಿ ಎಂಟಂಗುಲ ತೋರಿಸುತ್ತಿತ್ತು. ಗಾಜನ್ನು ಮಡಿಸಿ, ಮೇಲ್ಗವುಸನ್ನು ಇಳಿಸಿದರೆ ನಮ್ಮ ಚಿಕ್ಕ ದೋಣಿ ಆರಡಿ. ನಮ್ಮಾಕೆ ದೂರದಿಂದಲೇ ನೇರ ಮಾಡಿಕೊಂಡು, ನಡುವೆ ಎಲ್ಲಿಯೂ ಚಕ್ರ ಅಲ್ಲಾಡಿಸದೆ, ನಿಧಾನವಾಗಿ ಬಿಟ್ಟಳು. ತಲೆ ಬಗ್ಗಿಸಿ ಕುಳಿತೆವು. ತಣ್ಣಗಿನ ಕಲ್ಲಿನ ವಾಸನೆ, ಕಮಾನಿನ ಒಳಮೈಯಲ್ಲಿ ಹಳೆಯ ದೋಣಿಗಳು ಉಜ್ಜಿದ ಬಣ್ಣದ ಗೀರುಗಳು, ಆಮೇಲೆ ಬೆಳಕು. ಆಚೆಗೆ ಜೊಂಡಿನ ನಡುವೆ ಹೊಳೆ ಕಿರಿದಾಗುತ್ತ ಹೋಗಿ, ಬ್ರಾಡ್ಸಿನಲ್ಲೆಲ್ಲ ದೊಡ್ಡದಾದ ಹಿಕ್ಲಿಂಗ್ ಕೆರೆಗೆ ತೆರೆದುಕೊಳ್ಳುತ್ತದೆ. ಇನ್ನೊಂದು ಕವಲು ಹಾರ್ಸಿ ಕೆರೆಗೆ ಹೋಗುತ್ತದೆ. ಈ ಪ್ರಾಂತದಿಂದ ಶತಮಾನಗಳ ಹಿಂದೆ ಮಾಯವಾಗಿದ್ದ ಕ್ರೌಂಚಪಕ್ಷಿಗಳು ೧೯೭೯ರಲ್ಲಿ ತಾವಾಗಿಯೇ ಹಿಂದಿರುಗಿ ನೆಲೆಸಿದ್ದು ಇಲ್ಲೇ. ಅಂದು ಎರಡು ಕ್ರೌಂಚಗಳು ಹುಲ್ಲುಗಾವಲಿನ ಮೇಲೆ ಕತ್ತು ಚಾಚಿ ಹಾರಿಹೋದವು. ಮಧ್ಯಾಹ್ನ ಕವಲುಬಾಲದ ಒಂದು ದೊಡ್ಡ ಹಳದಿ ಚಿಟ್ಟೆ ಬಂದು ಹಗ್ಗದ ಸುರುಳಿಯ ಮೇಲೆ ಕೂತಿತು. ಅದರ ಈ ತಳಿ ಈ ದೇಶದಲ್ಲಿ ನಾರ್ಫೋಕಿನ ಈ ಜೌಗುಗಳನ್ನು ಬಿಟ್ಟರೆ ಬೇರೆ ಕಡೆ ಬಾಳುವುದಿಲ್ಲ. ಅದರ ಹುಳು ತಿನ್ನುವ ಗಿಡ ಇಲ್ಲಿ ಮಾತ್ರ ಸಾಕಷ್ಟು ಬೆಳೆಯುತ್ತದೆ. ನಮ್ಮ ಮನೆಯಿಂದ ಇಪ್ಪತ್ತು ಮೈಲಿಯೊಳಗಿನ ಇವೆಲ್ಲವನ್ನೂ ನಾವು ಇಪ್ಪತ್ತು ವರ್ಷ ನೋಡದೆ ಇದ್ದೆವು.

ಚಿಕ್ಕ ದೋಣಿಯಲ್ಲಿ ಸುಖವೇ ಸುಖವೆಂದರೆ ಸುಳ್ಳಾಗುತ್ತದೆ. ತಲೆ ತಗುಲದ ದಿನವಿಲ್ಲ. ಎರಡೇ ಉರಿಯ ಒಲೆಯ ಮೇಲೆ ದೋಸೆಯೂ ಕಾಫಿಯೂ ಒಟ್ಟಿಗೆ ಬರುತ್ತವೆ, ಚಟ್ನಿಗೆ ಒಗ್ಗರಣೆ ಹಿಂದೆ ಬೀಳುತ್ತದೆ. ಮೂರು ದಿನ ಬಿಡದೆ ಮಳೆ ಹಿಡಿದರೆ ಗಂಡಹೆಂಡಿರ ಹಳೆಯ ಮನಸ್ತಾಪಗಳಿಗೆಲ್ಲ ಅವಕಾಶವಾಗುತ್ತದೆ. ಎದ್ದು ಹೋಗಲು ಇನ್ನೊಂದು ಕೋಣೆಯಿಲ್ಲ. ದೊಡ್ಡ ದೋಣಿಗಳು ಹಾದುಹೋದಾಗ ಏಳುವ ಅಲೆಗೆ ಚಹದ ಬಟ್ಟಲು ಜಾರುತ್ತದೆ. ಆ ದೋಣಿಗಳನ್ನು ನಡೆಸುವವರ ವಿಷಯವಾಗಿ ನಾವು ಈಗ ಆಡುವ ಮಾತನ್ನು ಹಿಂದೆ ನಮ್ಮ ವಿಷಯವಾಗಿ ಎಷ್ಟು ಜನ ಆಡಿದ್ದರೋ!

೨೦೨೨ರ ಬೇಸಿಗೆಯಲ್ಲಿ ಮಗಳು ಗಂಡನನ್ನೂ ನಾಲ್ಕು ವರ್ಷದ ಮಗುವನ್ನೂ ಕರೆದುಕೊಂಡು ಬಂದಳು. ಐವರು ಮಲಗಲು ಸ್ಥಳವೆಲ್ಲಿ? ಅವಳ ಮುಖದಲ್ಲಿ, ನೋಡಿದಿರಾ ನಾನು ಹೇಳಿರಲಿಲ್ಲವೇ, ಎಂಬ ಭಾವ ಮೂಡಿತು. ಒಂದು ವಾರಕ್ಕೆ ೪೦ ಅಡಿಯ ದೋಣಿಯೊಂದನ್ನು ಬಾಡಿಗೆಗೆ ಹಿಡಿದೆವು. ಹಳೆಯದರ ಮೇಲೆ ಮಾಡುತ್ತಿದ್ದ ವಾರ್ಷಿಕ ವೆಚ್ಚದ ಮೂರನೆಯ ಒಂದು ಭಾಗದಲ್ಲಿ ಆ ವಾರ ಮುಗಿಯಿತು. ಕೊನೆಯ ದಿನ ಬೀಗದ ಕೈಯನ್ನು ಒಪ್ಪಿಸಿ ಬಂದೆವು, ತೊಳೆಯುವ ಕೆಲಸ ಅವರದು. ಮಗಳು ಎಲ್ಲದರಲ್ಲಿಯೂ ಸಂತೋಷಪಟ್ಟಳು. ಆದರೂ ಹೊರಡುವ ಹಿಂದಿನ ರಾತ್ರಿ ಕೊಟ್ಟಿಗೆಗೆ ಹೋಗಿ ಬಾಗಿಲನ್ನು ಈಚೆಗೆ ಎಳೆದು, ಮಗುವನ್ನು ಅದಕ್ಕೆ ನಿಲ್ಲಿಸಿ ಒಂದು ಗೀಟು ಹಾಕಿದಳು. ದೋಣಿಯನ್ನು ಮಾರಿದ ವಿಷಯದಲ್ಲಿ ಅವಳು ನಮ್ಮನ್ನು ಪೂರ್ತಿಯಾಗಿ ಕ್ಷಮಿಸಿದ್ದಾಳೆಂದು ನಾವು ಹೇಳಲಾರೆವು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮಾಕೆ ತಾನಾಗಿಯೇ ರೀಡಮ್ಮಿಗೆ ಹೋಗೋಣವೆಂದಳು. ಐದು ವರ್ಷ ಆ ಊರಿನ ಹೆಸರನ್ನು ಇಬ್ಬರೂ ಎತ್ತಿರಲಿಲ್ಲ. ಯಾರ್‌ಮತ್ತಿನ ಬಳಿ ಹೊತ್ತು ನೋಡಿ ಹಾದು, ಭರತದ ಜೊತೆಯಲ್ಲಿ ಮೇಲೆ ಬಂದೆವು. ಅದೇ ಕಟ್ಟೆ, ಅದೇ ಬೆಂಚುಗಳು, ಐಸ್ ಕ್ರೀಮ್ ತಿನ್ನುತ್ತ ನೋಡುವ ಜನ. ಅವಳು ಕಟ್ಟೆಯನ್ನು ದಾಟಿ ಮುಂದೆ ಹೋಗಿ, ಹೊಳೆಯ ನಡುವೆ ದೋಣಿಯನ್ನು ನಿಧಾನವಾಗಿ ತಿರುಗಿಸಿದಳು. ಸೆಳವು ಎದುರಾಯಿತು. ಯಂತ್ರದ ಸದ್ದು ಇಳಿಯುತ್ತ ಬಂದಿತು. ದೋಣಿ ಕಟ್ಟೆಯ ಪಕ್ಕದಲ್ಲಿ, ಮೊಳದ ದೂರದಲ್ಲಿ, ನಿಂತ ಹಾಗೆ ನಿಂತಿತು. ನಾವು ಹಗ್ಗ ಹಿಡಿದು ಅಂಚಿನಲ್ಲಿ ಕಾಲೆತ್ತಿದೆವು.

"ಹಾರಬೇಡಿ" ಎಂದಳು. "ಇನ್ನೂ ಹತ್ತಿರ ತರುತ್ತೇನೆ."